ಈಜುಕೊಳಕ್ಕೊಂದು ಹೊದಿಕೆ: ಸೋಲಾರ್ ಕವರ್, ರೀಲ್ ಮತ್ತು ನಮ್ಮ ಕೃಷಿಹೊಂಡ

ಸೋಲಾರ್ ಎಂದೊಡನೆ ನಮಗೆ ನೆನಪಾಗುವುದು ಮಾಳಿಗೆಯ ಮೇಲೆ ನೀರು ಕಾಯಿಸುವ ಯಂತ್ರ, ಇಲ್ಲವೇ ಹೊಲದ ಪಂಪ್‌ಸೆಟ್ಟಿಗೆ ಕೂಡಿಸಿದ ಫಲಕ. ಈಜುಕೊಳದ ಸೋಲಾರ್ ಕವರ್ ಆ ಜಾತಿಯದಲ್ಲ. ಅದರಲ್ಲಿ ತಂತಿಯಿಲ್ಲ, ಫಲಕವಿಲ್ಲ, ಕೊಳವೆಯಿಲ್ಲ. ಪಾರ್ಸೆಲ್ ಬಂದಾಗ ಗಾಜಿನ ಸಾಮಾನಿಗೆ ಸುತ್ತಿರುತ್ತಾರಲ್ಲ, ಚಿಕ್ಕವರು ಪಟಪಟ ಒಡೆಯುತ್ತ ಕೂರುವ ಗುಳ್ಳೆ ಹಾಳೆ, ಅದರ ದಪ್ಪನೆಯ ಅಣ್ಣ ಇದು. ಪಾಲಿಎಥಿಲೀನ್ ಹಾಳೆ, ಒಂದು ಮಗ್ಗುಲಲ್ಲಿ ಗಾಳಿ ತುಂಬಿದ ಗುಳ್ಳೆ, ನೀರಿನ ಮೇಲೆ ತೇಲುವ ಗುಣ, ಇಷ್ಟೇ. ಅದನ್ನು ಸುತ್ತಿಡಲು ಕೊಳದ ಒಂದು ತುದಿಯಲ್ಲಿ ನಿಲ್ಲಿಸುವ ಉದ್ದನೆಯ ಉರುಳೆಗೆ ರೀಲ್ ಎನ್ನುತ್ತಾರೆ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ನಮ್ಮಲ್ಲಿ ಹೆಚ್ಚಿನವರು ಈಜು ಕಲಿತದ್ದು ಕೆರೆಯಲ್ಲಿ, ಬಾವಿಯಲ್ಲಿ, ವರದಾ ನದಿಯ ಮಡುವಿನಲ್ಲಿ. ಟೈಲ್ಸ್ ಹಾಕಿದ ಈಜುಕೊಳ ನಮಗೆ ಹೊಸದು. ಹಾಗಿದ್ದಮೇಲೆ ಈ ಹೊದಿಕೆಯ ವಿಚಾರ ನಮಗೇಕೆ ಎಂದು ನೀವು ಕೇಳಬಹುದು. ಬಯಲಲ್ಲಿ ನಿಂತ ಎಲ್ಲ ನೀರಿಗೂ ಅನ್ವಯಿಸುವ ನಿಯಮ ಒಂದೇ. ಈಜುಕೊಳ, ಹೊಲದ ಕೃಷಿಹೊಂಡ, ಹಳೆಯ ಮಸೀದಿಯ ಅಂಗಳದಲ್ಲಿ ವುಜೂ ಮಾಡುವ ಹೌಜ್, ಎಲ್ಲಕ್ಕೂ ಅದೇ ಬಿಸಿಲು, ಅದೇ ಗಾಳಿ. (ನಮ್ಮ ಕಡೆ ನೀರಿನ ತೊಟ್ಟಿಗೆ ಹಿರಿಯರು ಹೇಳುವ ‘ಹೌದ’ ಎಂಬ ಮಾತು ಈ ಹೌಜ್‌ನದೇ ರೂಪ. ಮೂಲ ಅರಬ್ಬಿ.) ಈಜುಕೊಳದವರು ದುಡ್ಡು ಕೊಟ್ಟು ಕಲಿತ ಪಾಠ ನಮ್ಮ ಹೊಂಡಗಳಿಗೂ ಬೇಕು.

ಮೊದಲು ‘ಸೋಲಾರ್’ ಎಂಬ ಹೆಸರು ಹುಟ್ಟಿಸುವ ತಪ್ಪು ತಿಳುವಳಿಕೆಯನ್ನು ಬಿಡೋಣ. ಹೊದಿಕೆ ಬಿಸಿಲನ್ನು ಹಿಡಿದು ನೀರಿಗೆ ಕೊಡುತ್ತದೆ ಎಂದು ಬಹಳ ಜನ ನಂಬುತ್ತಾರೆ. ವಾಸ್ತವದಲ್ಲಿ ಅದು ಬಿಸಿಲನ್ನು ಸ್ವಲ್ಪ ತಡೆಯುತ್ತದೆ. ಅದರ ನಿಜವಾದ ಕೆಲಸ ಆವಿಗೆ ಬಾಗಿಲು ಹಾಕುವುದು. ಬೇಸಿಗೆಯಲ್ಲಿ ಮಣ್ಣಿನ ಹರವಿಯ ನೀರು ತಣ್ಣಗಿರುವುದೇಕೆ ಎಂದು ಹೈಸ್ಕೂಲಿನಲ್ಲೇ ಓದಿದ್ದೇವೆ: ಹೊರಮೈಗೆ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೊತ್ತೊಯ್ಯುತ್ತದೆ. ಹೊದಿಕೆಯಿಲ್ಲದ ಈಜುಕೊಳವೂ ಒಂದು ದೊಡ್ಡ ಹರವಿ.

ಲೆಕ್ಕ ಹಾಕಿ ನೋಡೋಣ, ಪ್ರಥಮ ಪಿಯುಸಿಯ ಗುಪ್ತೋಷ್ಣದ ಪಾಠ ಸಾಕು. 27 ಡಿಗ್ರಿ ಆಸುಪಾಸಿನ ಒಂದು ಕಿಲೋ ನೀರು ಆವಿಯಾಗಲು ಸುಮಾರು 2.43 ಮೆಗಾಜೌಲ್ ಶಾಖ ಬೇಕು. ಕೊಳದ ಮಟ್ಟ ದಿನಕ್ಕೆ 5 ಮಿಲಿಮೀಟರ್ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಒಂದು ಚದರ ಮೀಟರಿಗೆ ಅದು 5 ಲೀಟರ್. ಅಂದರೆ 12 ಮೆಗಾಜೌಲ್ ಶಾಖ ಗಾಳಿಗೆ ಹೋಯಿತು. ಕೊಳ ಒಂದೂವರೆ ಮೀಟರ್ ಆಳವಿದ್ದರೆ ಆ ಒಂದು ಚದರ ಮೀಟರಿನ ಕೆಳಗೆ 1,500 ಕಿಲೋ ನೀರಿದೆ. ಅದನ್ನು ಒಂದು ಡಿಗ್ರಿ ಬಿಸಿ ಮಾಡಲು 6.3 ಮೆಗಾಜೌಲ್ ಸಾಕು. ಬೆರಳಿನ ಅರ್ಧ ಅಗಲದಷ್ಟು ನೀರು ಹಾರಿಹೋದರೆ ಇಡೀ ಕೊಳ ಹತ್ತಿರ ಹತ್ತಿರ ಎರಡು ಡಿಗ್ರಿ ತಣ್ಣಗಾಗುವಷ್ಟು ಶಾಖ ಅದರ ಜೊತೆ ಹೋದಂತೆ. ಬಿಸಿಲು ಅದನ್ನು ಮತ್ತೆ ತುಂಬಿಕೊಡುವುದರಿಂದ ನಮಗದು ಕಾಣುವುದಿಲ್ಲ.

ನೀರಿನ ಲೆಕ್ಕವೂ ಹಾಗೆಯೇ. 25 ಮೀಟರ್ ಉದ್ದ, 12.5 ಮೀಟರ್ ಅಗಲದ ಕೊಳದಿಂದ ದಿನಕ್ಕೆ 5 ಮಿಲಿಮೀಟರ್ ಹೋದರೆ ಸುಮಾರು 1,560 ಲೀಟರ್. 5,000 ಲೀಟರಿನ ಟ್ಯಾಂಕರ್ ಮೂರು ದಿನಕ್ಕೊಂದು ಬೇಕು. ಅದೂ ಒಬ್ಬರೂ ಈಜದೆ, ಒಂದು ಹನಿಯೂ ಹೊರಗೆ ಚೆಲ್ಲದೆ. ಏಪ್ರಿಲ್ ತಿಂಗಳ ಸವಣೂರಿನ ಬಯಲಿಗೆ 5 ಮಿಲಿಮೀಟರ್ ಎಂಬುದು ಕೈಬಿಗಿ ಹಿಡಿದ ಅಂದಾಜು.

ಆವಿಯ ವೇಗವನ್ನು ಬಿಸಿಲೊಂದೇ ನಿರ್ಧರಿಸುವುದಿಲ್ಲ. 1802ರಲ್ಲಿ ಜಾನ್ ಡಾಲ್ಟನ್ ತೋರಿಸಿದಂತೆ, ನೀರಿನ ಮೈಯಲ್ಲಿರುವ ಆವಿಯ ಒತ್ತಡಕ್ಕೂ ಮೇಲಿನ ಗಾಳಿಯಲ್ಲಿರುವ ಆವಿಯ ಒತ್ತಡಕ್ಕೂ ಇರುವ ಅಂತರವೇ ಮುಖ್ಯ. ಪರಮಾಣು ಸಿದ್ಧಾಂತದಲ್ಲಿ ಓದುವ ಡಾಲ್ಟನ್ನೇ ಈತ. ಏಪ್ರಿಲ್ ಮಧ್ಯಾಹ್ನ ಗಾಳಿ 35 ಡಿಗ್ರಿ, ತೇವಾಂಶ ಶೇ. 30, ನೀರು 28 ಡಿಗ್ರಿ ಇದ್ದರೆ ಈ ಅಂತರ ಸುಮಾರು 2.1 ಕಿಲೋಪಾಸ್ಕಲ್. ಜುಲೈಯಲ್ಲಿ ಗಾಳಿ 25 ಡಿಗ್ರಿ, ತೇವಾಂಶ ಶೇ. 85, ನೀರು 26 ಡಿಗ್ರಿ ಇದ್ದರೆ 0.7ಕ್ಕೂ ಕಡಿಮೆ. ಮೂರು ಪಟ್ಟು ವ್ಯತ್ಯಾಸ. ಇದರ ಮೇಲೆ ಗಾಳಿ ಬೀಸಿದರೆ ನೀರಿನ ಮೇಲೆ ತಂಗಿದ್ದ ತೇವದ ಪದರವೂ ಹಾರಿಹೋಗಿ ಅಂತರ ಹಾಗೆಯೇ ಉಳಿಯುತ್ತದೆ. ಹೊದಿಕೆ ಈ ಇಬ್ಬರನ್ನೂ, ಒಣ ಗಾಳಿಯನ್ನೂ ಬೀಸುವ ಗಾಳಿಯನ್ನೂ, ನೀರಿನಿಂದ ದೂರವಿಡುತ್ತದೆ.

ಎಷ್ಟು ಉಳಿಯುತ್ತದೆ? ಅಮೆರಿಕದ ಇಂಧನ ಇಲಾಖೆ ಹೇಳುವಂತೆ, ಹೊದಿಕೆ ಬಳಸಿದರೆ ಕೊಳಕ್ಕೆ ಮೇಲಿಂದ ಮೇಲೆ ತುಂಬಬೇಕಾದ ನೀರು ಶೇ. 30ರಿಂದ 50ರಷ್ಟು, ರಾಸಾಯನಿಕ ಶೇ. 35ರಿಂದ 60ರಷ್ಟು ಕಡಿಮೆಯಾಗುತ್ತದೆ. ಉಳಿದ ನೀರು ಈಜುವವರ ಮೈಗೆ ಅಂಟಿ, ಚೆಲ್ಲಿ, ಫಿಲ್ಟರ್ ತೊಳೆಯುವಾಗ ಹೋಗುವಂಥದ್ದು. ಕೆಲವು ಕೊಳಗಳಲ್ಲಿ ಸೋರುವಿಕೆಯೂ ಇರುತ್ತದೆ. ಆದ್ದರಿಂದ ಕವರ್ ಕೊಳ್ಳುವ ಮೊದಲು ಬಕೆಟ್ ಪರೀಕ್ಷೆ ಮಾಡಬೇಕು. ಕೊಳದ ಮೆಟ್ಟಿಲ ಮೇಲೆ ಒಂದು ಬಕೆಟ್ ಇಟ್ಟು, ಕೊಳದ ಮಟ್ಟಕ್ಕೆ ಸರಿಯಾಗಿ ಅದರಲ್ಲೂ ನೀರು ತುಂಬಿ, ಒಳಗೂ ಹೊರಗೂ ಗೆರೆ ಎಳೆಯಿರಿ. ಇಡೀ ಒಂದು ದಿನ ಪಂಪ್ ಹಚ್ಚದೆ, ಯಾರೂ ಇಳಿಯದೆ ಬಿಟ್ಟು ನೋಡಿ. ಎರಡೂ ಒಂದೇ ಸಮ ಇಳಿದಿದ್ದರೆ ಅದು ಆವಿ. ಬಕೆಟ್ಟಿಗಿಂತ ಕೊಳ ಹೆಚ್ಚು ಇಳಿದಿದ್ದರೆ ಎಲ್ಲೋ ಬಿರುಕಿದೆ, ಬೇಕಾದದ್ದು ಕವರ್ ಅಲ್ಲ, ಗೌಂಡಿ.

ಕೊಳ್ಳುವಾಗ ಎಲ್ಲರೂ ಕೇಳುವ ಪ್ರಶ್ನೆ ಬಣ್ಣದ್ದು. ಕಪ್ಪು ಬಟ್ಟೆ ಬಿಸಿಲಿಗೆ ಬೇಗ ಕಾಯುತ್ತದೆ, ಆದ್ದರಿಂದ ಕಪ್ಪು ಅಥವಾ ಗಾಢ ನೀಲಿ ಹೊದಿಕೆಯೇ ನೀರನ್ನು ಹೆಚ್ಚು ಬೆಚ್ಚಗಿಡುತ್ತದೆ ಎಂಬ ತರ್ಕ ಕೇಳಲು ಚೆನ್ನಾಗಿದೆ. ಆದರೆ ಗಾಢ ಬಣ್ಣದ ಹಾಳೆ ಶಾಖವನ್ನು ತನ್ನಲ್ಲೇ ಹೀರಿಕೊಂಡು ಅರ್ಧ ಗಾಳಿಗೆ ಬಿಟ್ಟುಬಿಡುತ್ತದೆ. ಪಾರದರ್ಶಕ ಹಾಳೆಯ ಮೂಲಕ ಬಿಸಿಲು ಕೊಳದ ತಳದವರೆಗೂ ಇಳಿಯುತ್ತದೆ. ಪಾರದರ್ಶಕ ಗುಳ್ಳೆ ಹಾಳೆ ಬಿಸಿಲಿನ ಗಳಿಕೆಯನ್ನು ಶೇ. 5ರಿಂದ 15ರಷ್ಟು ಮಾತ್ರ ಕುಗ್ಗಿಸುತ್ತದೆ, ಬೆಳಕು ಹಾಯದ ಹಾಳೆ ಶೇ. 20ರಿಂದ 40ರಷ್ಟು. ಚಳಿ ದೇಶದವರಿಗೆ ಪಾರದರ್ಶಕವೇ ಸರಿ ಎಂಬುದು ಇದರಿಂದ ಸ್ಪಷ್ಟ.

ನಮ್ಮ ಕಥೆ ಬೇರೆ. ಸ್ಪರ್ಧೆಯ ಕೊಳದ ನೀರು 25ರಿಂದ 28 ಡಿಗ್ರಿ ಇರಬೇಕೆಂದು ಅಂತರರಾಷ್ಟ್ರೀಯ ನಿಯಮವಿದೆ. ನಮ್ಮ ಏಪ್ರಿಲ್–ಮೇ ತಿಂಗಳಲ್ಲಿ ಆವಿ ಎಂಬ ತಂಪುಕಾರಕವನ್ನು ಮುಚ್ಚಿಬಿಟ್ಟರೆ ನೀರು ಸ್ನಾನದ ನೀರಿನಂತಾಗುತ್ತದೆ, ಬಿಸಿ ನೀರಿಗೆ ಕ್ಲೋರಿನ್ನೂ ಹೆಚ್ಚು ಬೇಕು. ಹೀಗಾಗಿ ಬಯಲುಸೀಮೆಯಲ್ಲಿ ಕವರ್ ಕೊಳ್ಳುವವರು ಶಾಖಕ್ಕಾಗಿ ಕೊಳ್ಳಬಾರದು, ನೀರಿಗಾಗಿ ಕೊಳ್ಳಬೇಕು. ನನ್ನ ಮಟ್ಟಿಗೆ ಬೆಳಕು ಹಾಯದ, ಮೇಲ್ಮೈ ಬಿಳಿ ಅಥವಾ ಬೆಳ್ಳಿ ಬಣ್ಣವಿರುವ ಹಾಳೆ ನಮಗೆ ಹೊಂದುತ್ತದೆ. ಕೊಳ ಖಾಲಿಯಿರುವ ಸುಡು ಮಧ್ಯಾಹ್ನ ಹೊದಿಸಿದರೆ ಅದು ಬಿಸಿಲನ್ನೂ ಹಿಂದಕ್ಕೆ ಕಳಿಸುತ್ತದೆ, ಒಣಗಾಳಿಯನ್ನೂ ತಡೆಯುತ್ತದೆ. ನೀರು ತೀರ ಬೆಚ್ಚಗಾಯಿತೆನಿಸಿದರೆ ರಾತ್ರಿ ತೆಗೆದಿಟ್ಟರಾಯಿತು. ಡಿಸೆಂಬರ್–ಜನವರಿಯಲ್ಲಿ ಇದನ್ನು ತಿರುಗಿಸಿ, ಹಗಲು ತೆರೆದು ರಾತ್ರಿ ಮುಚ್ಚಬೇಕು. ಬೆಳಕು ಹಾಯದ ಹಾಳೆಗೆ ಇನ್ನೊಂದು ಲಾಭ: ಬಿಸಿಲಿನ ನೇರಳಾತೀತ ಕಿರಣ ಕ್ಲೋರಿನ್ನನ್ನು ಒಡೆಯುವುದು ನಿಲ್ಲುತ್ತದೆ, ಪಾಚಿಗೂ ಬೆಳಕು ಸಿಗುವುದಿಲ್ಲ.

ದಪ್ಪವನ್ನು ಮೈಕ್ರಾನ್‌ನಲ್ಲಿ ಹೇಳುತ್ತಾರೆ. ಸಾಮಾನ್ಯವಾಗಿ 200ರಿಂದ 500ರವರೆಗೆ ಸಿಗುತ್ತದೆ. ತೆಳು ಹಾಳೆಯೂ ಆವಿಯನ್ನು ಅಷ್ಟೇ ಚೆನ್ನಾಗಿ ತಡೆಯುತ್ತದೆ. ದಪ್ಪಕ್ಕೆ ಕೊಡುವ ಹೆಚ್ಚಿನ ಹಣ ಬಾಳಿಕೆಗೆ ಮಾತ್ರ. ದಪ್ಪಕ್ಕಿಂತ ಮೊದಲು ಕೇಳಬೇಕಾದದ್ದು ನೇರಳಾತೀತ ಕಿರಣ ತಡೆಯುವ ಮಿಶ್ರಣ ಹಾಕಿದ್ದಾರೋ ಇಲ್ಲವೋ ಎಂದು. ಮನೆಯ ಮಾಳಿಗೆಗೆ ಹೊದಿಸಿದ ಅಗ್ಗದ ತಾಡಪತ್ರಿ ಒಂದೇ ಬೇಸಿಗೆಗೆ ಹಪ್ಪಳದಂತೆ ಮುರಿಯುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ತಂದ ಹಾಳೆಯನ್ನು ಗುಳ್ಳೆ ಕೆಳಮುಖವಾಗಿ ನೀರಿನ ಮೇಲೆ ಬಿಡಬೇಕು, ನುಣುಪು ಮೈ ಮೇಲೆ. ಮಡಿಕೆಗಳು ಬಿಸಿಲಿಗೆ ಸಡಿಲಾಗಲು ಎರಡು ಮೂರು ದಿನ ಬಿಟ್ಟು, ಆಮೇಲೆ ಕೊಳದ ಅಂಚಿಗೆ ಸರಿಯಾಗಿ ಕತ್ತರಿಸಬೇಕು. ಮೊದಲ ದಿನವೇ ಕತ್ತರಿ ಹಿಡಿದರೆ ಹಾಳೆ ಗಿಡ್ಡವಾಗುತ್ತದೆ. ಗೋಡೆಯ ಮೇಲೆ ಏರಿ ನಿಂತ ಅಂಚು ಗಾಳಿಗೆ ಕೈಹಿಡಿ ಇದ್ದಂತೆ, ಅದನ್ನೂ ಉಳಿಸಬಾರದು. ಕ್ಲೋರಿನ್ ಹೆಚ್ಚಾಗಿ ಹಾಕಿದ ದಿನ ಮುಚ್ಚಬೇಡಿ. ಕೆಳಗೆ ಸಿಕ್ಕಿಬಿದ್ದ ಕ್ಲೋರಿನ್ ಗುಳ್ಳೆಗಳನ್ನೇ ತಿಂದುಹಾಕುತ್ತದೆ.

ಇನ್ನು ರೀಲ್. ಅದು ಕವರಿನ ಜೊತೆ ಬರುವ ಅಲಂಕಾರ ಎಂದುಕೊಂಡು ಬಹಳ ಜನ ಉಳಿತಾಯ ಮಾಡಲು ಹೋಗುವುದು ಇಲ್ಲಿಯೇ. 400 ಮೈಕ್ರಾನಿನ ಹಾಳೆ ಚದರ ಮೀಟರಿಗೆ ಸುಮಾರು 370 ಗ್ರಾಂ ತೂಗುತ್ತದೆ. 8 ಮೀಟರ್ ಉದ್ದ 4 ಮೀಟರ್ ಅಗಲದ ಕೊಳಕ್ಕೆ 12 ಕಿಲೋ ಆಯಿತು, ಇಬ್ಬರು ಎಳೆದು ಮಡಚಬಹುದು. 25 ಮೀಟರಿನ ಕೊಳಕ್ಕೆ 115 ಕಿಲೋ, ಅದೂ ನೀರು ಅಂಟಿಕೊಳ್ಳುವ ಮೊದಲು. ಅಷ್ಟನ್ನು ದಿನಕ್ಕೆರಡು ಸಲ ಕೈಯಿಂದ ಎಳೆಯುವವರಾರು? ಮೊದಲ ವಾರ ಉತ್ಸಾಹ, ಎರಡನೆಯ ವಾರ ಬೇಸರ, ಮೂರನೆಯ ವಾರ ಹಾಳೆ ಮೂಲೆಯಲ್ಲಿ ಮುದುಡಿ ಬಿದ್ದು ಇಲಿಗಳಿಗೆ ಮನೆ. ಆದ್ದರಿಂದ ಕವರ್ ಕೊಳ್ಳುವ ಮುನ್ನ ಅದನ್ನು ದಿನಾ ತೆಗೆದು ಹಾಕುವವರು ಯಾರು, ಎಷ್ಟು ಜನ ಎಂಬುದನ್ನು ತೀರ್ಮಾನಿಸಿ, ರೀಲನ್ನು ಅವರ ತೋಳಿಗೆ ಹೊಂದುವಂತೆ ಆರಿಸಬೇಕು.

ರೀಲಿನ ಕೊಳವೆ ಅಲ್ಯೂಮಿನಿಯಂ ಅಥವಾ ಸ್ಟೇನ್‌ಲೆಸ್ ಸ್ಟೀಲಿನದಿರಲಿ, ಸಾದಾ ಕಬ್ಬಿಣವನ್ನು ಕ್ಲೋರಿನ್ ಬೇಗ ತುಕ್ಕು ಹಿಡಿಸುತ್ತದೆ. ತಿರುಗಿಸುವ ಚಕ್ರದ ಗಾತ್ರವನ್ನು ಕೇಳಿ. ಇಲ್ಲಿ ಭೌತಶಾಸ್ತ್ರದ ಒಂದು ಚೆಂದದ ಲೆಕ್ಕವಿದೆ. ಗುಳ್ಳೆ ಸೇರಿ ಹಾಳೆಯ ದಪ್ಪ 5 ಮಿಲಿಮೀಟರ್ ಎಂದಿಟ್ಟುಕೊಂಡರೆ, 25 ಮೀಟರ್ ಹಾಳೆಯ ಅಂಚಿನ ವಿಸ್ತೀರ್ಣ 0.125 ಚದರ ಮೀಟರ್. 5 ಸೆಂಟಿಮೀಟರ್ ತ್ರಿಜ್ಯದ ಕೊಳವೆಗೆ ಅದನ್ನು ಸುತ್ತಿದಾಗ ಸುರುಳಿಯ ತ್ರಿಜ್ಯ ಸುಮಾರು 20 ಸೆಂಟಿಮೀಟರಿಗೆ ಬೆಳೆಯುತ್ತದೆ, ಸುಮಾರು 31 ಸುತ್ತು. ನಿಮ್ಮ ಕೈಚಕ್ರದ ತ್ರಿಜ್ಯವೂ 20 ಸೆಂಟಿಮೀಟರ್ ಇದ್ದರೆ, ಶುರುವಿನಲ್ಲಿ ನಾಲ್ಕು ಪಟ್ಟು ಇದ್ದ ಯಾಂತ್ರಿಕ ಲಾಭ ಕೊನೆಯ ಸುತ್ತಿಗೆ ಏನೂ ಉಳಿದಿರುವುದಿಲ್ಲ. ನೀರಿನ ಮೇಲೆ ಉಳಿದ ಹಾಳೆ ಕಡಿಮೆಯಾಗುತ್ತ ಬರುವುದರಿಂದ ಪಾರಾಗುತ್ತೇವೆ. ಆದರೂ ದೊಡ್ಡ ಕೊಳಗಳಲ್ಲಿ ಹಾಳೆಯನ್ನು ಎರಡು ಮೂರು ಉದ್ದನೆಯ ಪಟ್ಟಿಗಳಾಗಿ ಕತ್ತರಿಸಿ ಒಂದೊಂದನ್ನೇ ಸುತ್ತುವುದು ಇದೇ ಕಾರಣಕ್ಕೆ.

ಸುತ್ತಿಟ್ಟ ಸುರುಳಿಯನ್ನು ಬಿಸಿಲಿಗೆ ಬಿಡಲೇಬಾರದು. ನೀರಿನ ಮೇಲಿರುವಾಗ ಹಾಳೆಯ ಶಾಖವನ್ನು ನೀರು ಎಳೆದುಕೊಳ್ಳುತ್ತಿತ್ತು. ಸುರುಳಿಯಲ್ಲಿ ಪದರದ ಮೇಲೆ ಪದರ, ನಡುವೆ ಗಾಳಿ, ಶಾಖಕ್ಕೆ ಹೋಗಲು ದಾರಿಯಿಲ್ಲ. ಗುಳ್ಳೆಗಳು ಉಬ್ಬಿ ಒಡೆಯುತ್ತವೆ, ಹಾಳೆ ಒಂದಕ್ಕೊಂದು ಅಂಟುತ್ತದೆ. ಸುರುಳಿಯ ಮೇಲೆ ಒಂದು ಬಿಳಿ ಬಟ್ಟೆ ಹೊದಿಸಿದರೆ ಸಾಕು.

ಗಾಳಿಯನ್ನು ಮರೆತು ನೀರನ್ನು ಮುಚ್ಚಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ತಮಿಳುನಾಡಿನಲ್ಲಿ ಒಂದು ದೊಡ್ಡ ಉದಾಹರಣೆಯಿದೆ. 2017ರ ಏಪ್ರಿಲ್‌ನಲ್ಲಿ ಬರಗಾಲದ ನಡುವೆ ವೈಗೈ ಅಣೆಕಟ್ಟೆಯ ನೀರು ಆವಿಯಾಗದಿರಲೆಂದು ಥರ್ಮಾಕೋಲ್ ಹಾಳೆಗಳನ್ನು ಟೇಪಿನಿಂದ ಜೋಡಿಸಿ ತೇಲಿಬಿಟ್ಟರು. ಸ್ವಲ್ಪ ಹೊತ್ತಿನಲ್ಲೇ ಗಾಳಿ ಅವನ್ನೆಲ್ಲ ದಡಕ್ಕೆ ತಂದು ಹಾಕಿತು. ದೇಶವೆಲ್ಲ ನಕ್ಕಿತು. ನಗುವವರು ಒಂದನ್ನು ಮರೆತರು: ಆವಿ ತಡೆಯುವ ವಿಚಾರ ತಪ್ಪಾಗಿರಲಿಲ್ಲ, ತಪ್ಪಿದ್ದು ಕಟ್ಟುವಿಕೆಯಲ್ಲಿ ಮತ್ತು ಜಾಗದ ಗಾತ್ರದಲ್ಲಿ. ಗುಜರಾತಿನ ಮೆಹಸಾಣಾ ಜಿಲ್ಲೆಯಲ್ಲಿ 2012ರಲ್ಲಿ ನರ್ಮದಾ ಶಾಖಾ ಕಾಲುವೆಯ 750 ಮೀಟರ್ ಮೇಲೆ ಸೌರ ಫಲಕಗಳ ಚಪ್ಪರ ಹಾಕಿ, ವಿದ್ಯುತ್ತನ್ನೂ ಪಡೆದು ಆವಿಯನ್ನೂ ತಗ್ಗಿಸಿದರು. 2015ರಲ್ಲಿ ಲಾಸ್ ಏಂಜಲೀಸ್ ನಗರದ ಜಲಾಶಯಕ್ಕೆ 9.6 ಕೋಟಿ ಕಪ್ಪು ಪ್ಲಾಸ್ಟಿಕ್ ಚೆಂಡುಗಳನ್ನು ಸುರಿದರು. ಅಲ್ಲಿ ಮುಖ್ಯ ಉದ್ದೇಶ ಬಿಸಿಲು, ಕ್ಲೋರಿನ್ ಮತ್ತು ನೀರಿನ ಬ್ರೋಮೈಡ್ ಸೇರಿ ಹಾನಿಕರ ಬ್ರೋಮೇಟ್ ಆಗದಂತೆ ತಡೆಯುವುದು. ಆವಿ ತಗ್ಗಿದ್ದು ಜೊತೆಗೆ ಬಂದ ಲಾಭ.

ಸವಣೂರಿನ ಮೋತಿ ತಲಾಬನ್ನೋ ಹಿರೇಕೆರೂರು ಸೀಮೆಯ ಮದಗದ ಕೆರೆಯನ್ನೋ ಯಾರೂ ಹಾಳೆಯಿಂದ ಮುಚ್ಚಲಾರರು. ಅಲ್ಲಿ ಹೂಳೆತ್ತಿ ಆಳ ಹೆಚ್ಚಿಸುವುದೇ ದಾರಿ, ಏಕೆಂದರೆ ಆವಿ ಹೋಗುವುದು ಹರಹಿನಿಂದ, ಆಳದಿಂದಲ್ಲ. ಆದರೆ ಕೃಷಿಹೊಂಡ ಈಜುಕೊಳದಷ್ಟೇ ದೊಡ್ಡದು. 2014ರಲ್ಲಿ ರಾಜ್ಯ ಸರ್ಕಾರ ಕೃಷಿಭಾಗ್ಯ ಯೋಜನೆ ಆರಂಭಿಸಿದ ಮೇಲೆ ಪ್ಲಾಸ್ಟಿಕ್ ಹೊದಿಸಿದ ಹೊಂಡಗಳು ನಮ್ಮ ಜಿಲ್ಲೆಯ ಹೊಲಗಳಲ್ಲೂ ಬಂದವು. ಹಾಳೆ ತಳಕ್ಕೆ ಹಾಕಿ ಇಂಗುವುದನ್ನು ತಡೆದೆವು, ಮೇಲಿನ ಬಾಗಿಲು ಮಾತ್ರ ತೆರೆದೇ ಇದೆ. 21 ಮೀಟರ್ ಚೌಕದ, 3 ಮೀಟರ್ ಆಳದ ಇಳಿಜಾರು ಬದಿಯ ಹೊಂಡದಲ್ಲಿ ಸುಮಾರು 9.8 ಲಕ್ಷ ಲೀಟರ್ ಹಿಡಿಯುತ್ತದೆ. ದಿನಕ್ಕೆ 5 ಮಿಲಿಮೀಟರ್ ಲೆಕ್ಕದಲ್ಲಿ ನೂರು ದಿನಕ್ಕೆ 2 ಲಕ್ಷ ಲೀಟರಿಗೂ ಹೆಚ್ಚು ಗಾಳಿಪಾಲು. ಐದರಲ್ಲಿ ಒಂದು ಪಾಲು.

ಹಾಗೆಂದು ಎಲ್ಲ ಹೊಂಡಕ್ಕೂ ಹೊದಿಕೆ ಬೇಕೆಂದಲ್ಲ. ಮಳೆ ಕೈಕೊಟ್ಟಾಗ ಗೋವಿನಜೋಳಕ್ಕೆ ಒಂದೆರಡು ಸಲ ನೀರು ಹಾಯಿಸಿ ಹೊಂಡ ಖಾಲಿ ಮಾಡುವ ರೈತರಿಗೆ ಹೊದಿಕೆಯ ಖರ್ಚು ದಂಡ. ವೀಳ್ಯದೆಲೆ, ತರಕಾರಿ, ಹಣ್ಣಿನ ಗಿಡಗಳಿಗೆಂದು ಮಾರ್ಚ್‌ವರೆಗೆ ನೀರು ಉಳಿಸಿಕೊಳ್ಳುವವರಿಗೆ ಅದು ಬೆಲೆಬಾಳುತ್ತದೆ. ಅಂಥವರು ತೇಲುವ ಹಾಳೆಗಿಂತ, ಕಂಬ ನಿಲ್ಲಿಸಿ ತಂತಿ ಎಳೆದು ನೆರಳು ಪರದೆ ಕಟ್ಟುವುದು ಒಳ್ಳೆಯದು. ಮಳೆ ಒಳಗೆ ಬೀಳುತ್ತದೆ, ಗಾಳಿಯ ಹೊಡೆತ ತಗ್ಗುತ್ತದೆ, ಮೀನು ಬಿಟ್ಟಿದ್ದರೆ ಅವಕ್ಕೂ ಉಸಿರಾಡಲು ಗಾಳಿ ಸಿಗುತ್ತದೆ. ತೇಲುವ ಹಾಳೆ ಪೂರ್ತಿ ಮುಚ್ಚಿದರೆ ನೀರಿಗೆ ಆಮ್ಲಜನಕ ಹೋಗದು.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು, ದಯವಿಟ್ಟು ಮನೆಯವರಿಗೂ ಓದಿ ಹೇಳಿ. ಸೋಲಾರ್ ಕವರ್ ರಕ್ಷಣೆಯ ಮುಚ್ಚಳವಲ್ಲ. ನೋಡಲು ಅದು ನೆಲದಂತೆ, ಹಾಸಿದ ಚಾಪೆಯಂತೆ ಕಾಣುತ್ತದೆ. ಚಿಕ್ಕ ಮಗು ಅದರ ಮೇಲೆ ಕಾಲಿಟ್ಟರೆ ಹಾಳೆ ಮಡಚಿಕೊಂಡು ಮಗುವನ್ನು ಒಳಗೆಳೆದು ಮೇಲಿಂದ ಮತ್ತೆ ಮುಚ್ಚಿಕೊಳ್ಳುತ್ತದೆ. ಒದ್ದಾಟ ಕಾಣುವುದಿಲ್ಲ, ಸದ್ದು ಕೇಳುವುದಿಲ್ಲ. ಒಳ್ಳೆಯ ಈಜುಗಾರರೂ ಹಾಳೆಯ ಅಡಿಯಲ್ಲಿ ಎದ್ದರೆ ಅದು ಮುಖಕ್ಕೆ ಅಂಟಿ ದಿಕ್ಕು ತಪ್ಪುತ್ತದೆ. ಆದ್ದರಿಂದ ಅರ್ಧ ತೆರೆದು ಈಜುವುದು ನಿಷಿದ್ಧ. ಪೂರ್ತಿ ಸುತ್ತಿ, ಆಮೇಲೆ ಇಳಿಯಬೇಕು. ಕೊಳಕ್ಕೆ ನಾಲ್ಕೂ ಕಡೆ ಬೇಲಿ, ತಾನೇ ಮುಚ್ಚಿಕೊಳ್ಳುವ ಗೇಟು ಬೇರೆಯಾಗಿ ಇರಲೇಬೇಕು.

ಕೃಷಿಹೊಂಡದ್ದು ಇನ್ನೂ ಕಠಿಣ. ತಳದ ಪ್ಲಾಸ್ಟಿಕ್ ಮೇಲೆ ಪಾಚಿ ಕಟ್ಟಿದಾಗ ಅದು ಎಣ್ಣೆ ಸವರಿದ ಇಳಿಜಾರು. ಈಜು ಬಲ್ಲವರೂ ಹತ್ತಿ ಬರಲಾರರು, ಹಿಡಿಯಲು ಒಂದು ಬೇರೂ ಇರುವುದಿಲ್ಲ. ರಜೆಯ ದಿನಗಳಲ್ಲಿ ಅಣ್ಣತಮ್ಮಂದಿರು ಒಟ್ಟಿಗೆ ಮುಳುಗಿದ ಸುದ್ದಿಯನ್ನು ಓದುವಾಗ ನೆನಪಿಡಬೇಕಾದದ್ದು, ಎರಡನೆಯವನು ಹೋದದ್ದು ಮೊದಲನೆಯವನನ್ನು ಎಳೆಯಲು ಎಂಬುದು. ನಿಮ್ಮ ಹೊಲದಲ್ಲಿ ಹೊಂಡವಿದ್ದರೆ ತಂತಿ ಬೇಲಿಯ ಜೊತೆಗೆ ಇನ್ನೆರಡು ಕೆಲಸ ಮಾಡಿ. ದಡದಲ್ಲಿ ಗಟ್ಟಿ ಗೂಟ ನೆಟ್ಟು, ಮೊಳಕ್ಕೊಂದು ಗಂಟು ಹಾಕಿದ ದಪ್ಪ ಹಗ್ಗವನ್ನು ನಾಲ್ಕೂ ಮಗ್ಗುಲಿನಿಂದ ತಳದವರೆಗೆ ಇಳಿಬಿಡಿ. ಗಾಳಿ ತುಂಬಿದ ಹಳೆಯ ಟ್ಯೂಬಿಗೆ ಇನ್ನೊಂದು ಹಗ್ಗ ಕಟ್ಟಿ ಬೇಲಿಗೆ ತೂಗುಹಾಕಿ. ಯಾರಾದರೂ ಬಿದ್ದರೆ ನೀರಿಗೆ ಹಾರಬೇಡಿ. ಕೂಗಿ, ಟ್ಯೂಬು ಎಸೆಯಿರಿ, ಇಲ್ಲದಿದ್ದರೆ ದುಪಟ್ಟಾ, ಸೀರೆ, ಲುಂಗಿ ಏನಿದೆಯೋ ಅದನ್ನು ಎಸೆದು, ಮಲಗಿಕೊಂಡು ಎಳೆಯಿರಿ, 112ಕ್ಕೆ ಕರೆ ಮಾಡಿ.

ಆವಿಯ ವಿಷಯ ಕಣ್ಣಾರೆ ನೋಡಬೇಕೆನ್ನುವವರಿಗೆ ಒಂದು ಪ್ರಯೋಗ. ಒಂದೇ ಅಳತೆಯ ನಾಲ್ಕು ಪರಾತಗಳನ್ನು ಮಾಳಿಗೆಯ ಮೇಲಿಡಿ, ಪ್ರತಿಯೊಂದಕ್ಕೂ ಅಳೆದು 5 ಲೀಟರ್ ನೀರು ಹಾಕಿ. ಒಂದನ್ನು ತೆರೆದಿಡಿ, ಒಂದಕ್ಕೆ ಪಾರ್ಸೆಲ್ಲಿನ ಗುಳ್ಳೆ ಹಾಳೆಯನ್ನು ಗುಂಡಗೆ ಕತ್ತರಿಸಿ ತೇಲಿಬಿಡಿ, ಒಂದಕ್ಕೆ ಕಪ್ಪು ಪ್ಲಾಸ್ಟಿಕ್, ಒಂದರ ಮೇಲೆ ಒಂದು ಅಡಿ ಎತ್ತರದಲ್ಲಿ ನೆರಳು ಪರದೆ. ಮಧ್ಯಾಹ್ನ ಮೂರಕ್ಕೆ ಉಷ್ಣತೆ, ಮರುದಿನ ಬೆಳಿಗ್ಗೆ ಅಳತೆಯ ಜಾಡಿಯಿಂದ ಉಳಿದ ನೀರು, ಇವೆರಡನ್ನು ಒಂದು ವಾರ ಬರೆದಿಡಿ. 40 ಸೆಂಟಿಮೀಟರ್ ವ್ಯಾಸದ ಪರಾತದಲ್ಲಿ 5 ಮಿಲಿಮೀಟರ್ ಇಳಿದರೆ 630 ಮಿಲಿಲೀಟರ್ ಹೋದಂತೆ. ಮಾಳಿಗೆಯ ಬಿಸಿಗೆ ಇದಕ್ಕಿಂತ ಹೆಚ್ಚೇ ಹೋಗುತ್ತದೆ. ಕಾಗೆಗಳು ನೀರು ಕುಡಿಯಲು ಬರುತ್ತವೆ, ಅವಕ್ಕೆ ಐದನೆಯ ಪಾತ್ರೆಯೊಂದನ್ನು ಬೇರೆ ಇಡಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.